ಹೆರಿಗೆ ವಾರ್ಡಿನಲ್ಲಿ ‘ನೋವಿನ ಇಂಜೆಕ್ಷನ್’ ಅಂದರೆ ಯಾವುದು?

(ಪರದೆ ಮೇಲೆ: ಸ್ಟ್ಯಾಂಡಿಗೆ ನೇತು ಹಾಕಿದ ಡ್ರಿಪ್ ಬಾಟಲಿ. ಹನಿ ಹನಿಯಾಗಿ ಇಳಿಯುತ್ತಿದೆ.)

ನಮ್ಮಕ್ಕನಿಗೆ ಬೇನೆ ಶುರುವಾಗಿ ಆರು ಗಂಟೆಯಾಗಿತ್ತು. ಒಳಗಿಂದ ಬಂದ ಸಿಸ್ಟರ್, "ನೋವಿನ ಇಂಜೆಕ್ಷನ್ ಕೊಟ್ಟಿದ್ದೇವೆ" ಅಂದರು. ಹೊರಗೆ ಕೂತಿದ್ದ ಅಮ್ಮ, "ಸದ್ಯ, ಇನ್ನು ಸ್ವಲ್ಪ ಮಲಗುತ್ತಾಳೆ" ಎಂದು ಉಸಿರು ಬಿಟ್ಟರು. ಅರ್ಧ ಗಂಟೆಯಲ್ಲಿ ಅಕ್ಕನ ಕೂಗು ಇನ್ನೂ ಜೋರಾಯಿತು. ಕೊಟ್ಟಿದ್ದು ನೋವು ತಗ್ಗಿಸುವ ಮದ್ದಲ್ಲ, ಬೇನೆ ಏರಿಸುವ ಆಕ್ಸಿಟೋಸಿನ್.

ನಮ್ಮ ಕಡೆ ಎರಡಕ್ಕೂ ಒಂದೇ ಮಾತು ಓಡುತ್ತದೆ. ಅದಕ್ಕೇ ಸಿಸ್ಟರ್ ಸಿರಿಂಜ್ ಹಿಡಿದು ಬಂದಾಗ, "ಇದು ನೋವು ಬರೋದಕ್ಕಾ, ಹೋಗೋದಕ್ಕಾ?" ಎಂದು ಕೇಳಿ. ಸಂಕೋಚ ಬೇಡ.

ಇವತ್ತು ನೋವು ತಗ್ಗಿಸುವ ಇಂಜೆಕ್ಷನ್‌ಗಳ ಬಗ್ಗೆ ಮಾತಾಡೋಣ. ಇವು ಓಪಿಯಾಯ್ಡ್ ಮದ್ದುಗಳು, ಅಂದರೆ ಅಫೀಮಿನ ಬಳಗದವು. ಇವುಗಳಲ್ಲಿ ಹೆಸರಾದದ್ದು ಪೆಥಿಡಿನ್. 1930ರ ದಶಕದ ಕೊನೆಯಲ್ಲಿ ಜರ್ಮನಿಯಲ್ಲಿ ಸ್ನಾಯುಗಳ ಹಿಡಿತ ಬಿಡಿಸುವ ಮದ್ದು ಹುಡುಕಲು ಹೋಗಿ ಸಿಕ್ಕಿದ್ದು ಇದು. 1950ರ ದಶಕದಿಂದ ಬ್ರಿಟನ್ನಿನಲ್ಲಿ ಸೂಲಗಿತ್ತಿ ನರ್ಸ್‌ಗಳೇ ಇದನ್ನು ಕೊಡುತ್ತಾ ಬಂದರು. ನಮ್ಮಲ್ಲಿ ಟ್ರಮಡಾಲ್, ಪೆಂಟಾಜೋಸಿನ್ ಕೂಡ ಬಳಕೆಯಲ್ಲಿವೆ. 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿ ತಂದು, ಆಮೇಲೆ ಮಾರ್ಫಿನ್, ಫೆಂಟನಿಲ್ ಸೇರಿ ಆರು ಮದ್ದುಗಳಿಗೆ ಪರವಾನಗಿ ಸುಲಭ ಮಾಡಿದರು. ಆ ಆರರಲ್ಲಿ ಪೆಥಿಡಿನ್ ಇಲ್ಲ, ಅಂದರೆ ಅದಕ್ಕೆ ಆ ಸಡಿಲಿಕೆ ಸಿಗಲಿಲ್ಲ.

(ಪರದೆ ಮೇಲೆ: ಗೋಡೆ ಗಡಿಯಾರ)

ಪೆಥಿಡಿನ್ ಅನ್ನು ಸಾಮಾನ್ಯವಾಗಿ ತೊಡೆಗೋ ಸೊಂಟದ ಕೆಳಗೋ ಚುಚ್ಚುತ್ತಾರೆ. ಸುಮಾರು 20 ನಿಮಿಷಕ್ಕೆ ಹತ್ತುತ್ತದೆ, 2ರಿಂದ 4 ಗಂಟೆ ಇರುತ್ತದೆ. ಹತ್ತಿದ ಮೇಲೆ ಏನಾಗುತ್ತದೆ? ಬೇನೆ ಬಂದಾಗ ಹೊಟ್ಟೆ ಕಲ್ಲಾಗುತ್ತದೆ, ಆಕೆ ಮಂಚದ ಕಂಬಿ ಹಿಡಿದು ನರಳುತ್ತಾಳೆ. ಬೇನೆ ಇಳಿದ ಕೂಡಲೇ ಕಣ್ಣು ಮುಚ್ಚಿ ತೂಕಡಿಸುತ್ತಾಳೆ. ಎರಡು ನಿಮಿಷ ಬಿಟ್ಟು ಮತ್ತೆ ಎಚ್ಚರ, ಮತ್ತೆ ನರಳಾಟ. ನೋವು ಹೋಗಿರುವುದಿಲ್ಲ, ಅದರ ಮೊನೆ ಸ್ವಲ್ಪ ಮೊಂಡಾಗಿರುತ್ತದೆ. ರಾತ್ರಿಯೆಲ್ಲಾ ನಿದ್ದೆಗೆಟ್ಟವಳಿಗೆ ಆ ಎರಡು ನಿಮಿಷದ ಮಂಪರೂ ದೊಡ್ಡದು. ಆದರೆ ನೋವೇ ಇರುವುದಿಲ್ಲ ಎಂದು ನಂಬಿಕೊಂಡು ಹೋದವಳಿಗೆ ಮೋಸ ಹೋದ ಹಾಗೆ ಅನಿಸುತ್ತದೆ. ಅದಕ್ಕೇ ಮೊದಲೇ ಹೇಳಿರಬೇಕು.

ಬ್ರಿಟನ್ನಿನಲ್ಲಿ 400 ಹೆಂಗಸರ ಮೇಲೆ ನಡೆದ ಒಂದು ಅಧ್ಯಯನ 2018ರಲ್ಲಿ ಬಂತು. ಪೆಥಿಡಿನ್ ಪಡೆದವರಲ್ಲಿ 41% ಮಂದಿ ಆಮೇಲೆ ಎಪಿಡ್ಯೂರಲ್ ಹಾಕಿಸಿಕೊಂಡರು, ಅಂದರೆ ಬೆನ್ನಿಗೆ ಕೊಡುವ ಇಂಜೆಕ್ಷನ್. ರೆಮಿಫೆಂಟನಿಲ್ ಎಂಬ ಇನ್ನೊಂದು ಓಪಿಯಾಯ್ಡ್ ಮದ್ದನ್ನು, ರಕ್ತನಾಳಕ್ಕೆ ಜೋಡಿಸಿದ ಪಂಪಿನ ಬಟನ್ ತಾವೇ ಒತ್ತಿ ಪಡೆದವರಲ್ಲಿ ಇದು 19% ಇತ್ತು. ನೋವು ಪೂರ್ತಿ ತಗ್ಗಬೇಕು ಅಂದರೆ ಎಪಿಡ್ಯೂರಲ್ಲೇ ಮೇಲು. ಆದರೆ ಅದಕ್ಕೆ ಅರಿವಳಿಕೆ ವೈದ್ಯರು ಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ನಡುರಾತ್ರಿ ಅವರು ಎಲ್ಲಿ ಸಿಗುತ್ತಾರೆ? ಇಂಥ ಕಡೆಯೇ ಈ ಇಂಜೆಕ್ಷನ್‌ಗೆ ಬೆಲೆ.

ಇದಕ್ಕೆ ತೊಂದರೆಯೂ ಉಂಟು. ತಾಯಿಗೆ ತಲೆ ಸುತ್ತು, ವಾಂತಿ. ಜೊತೆಗೆ ವಾಂತಿ ತಡೆಯುವ ಮದ್ದನ್ನೂ ಕೊಡುವುದು ಅದಕ್ಕೇ. ಜಾಸ್ತಿ ಯೋಚಿಸಬೇಕಾದದ್ದು ಮಗುವಿನ ಬಗ್ಗೆ. ಮದ್ದು ಮಾಸು ದಾಟಿ ಮಗುವಿಗೂ ಹೋಗುತ್ತದೆ. ಚುಚ್ಚಿ 2-3 ಗಂಟೆಗೆ ಹೆರಿಗೆಯಾದರೆ ಮಗು ಮಂಕಾಗಿರುವ, ಉಸಿರು ನಿಧಾನವಾಗುವ ಸಾಧ್ಯತೆ ಹೆಚ್ಚು. ಆಗ ಮೊದಲು ಮೈ ಒರೆಸಿ, ಬೆನ್ನು ಉಜ್ಜುತ್ತಾರೆ. ಸಾಲದಿದ್ದರೆ ಮಾಸ್ಕ್ ಇಟ್ಟು ಉಸಿರು ಕೊಡುತ್ತಾರೆ. ಹಾಗಾಗಿ "ಡಾಕ್ಟ್ರೇ, ಹೆರಿಗೆಗೆ ಇನ್ನೆಷ್ಟು ಹೊತ್ತಾಗಬಹುದು?" ಎಂಬುದು ಸುಮ್ನೆ ಕೇಳುವ ಪ್ರಶ್ನೆಯಲ್ಲ. ಇಂಜೆಕ್ಷನ್ ಕೊಡಬೇಕೋ ಬೇಡವೋ ಎಂಬುದು ಅದರ ಮೇಲೂ ನಿಂತಿದೆ.

(ಪರದೆ ಮೇಲೆ: ತಾಯಿಯ ಎದೆ ಮೇಲೆ ಮಲಗಿದ ಎಳೆ ಮಗು)

ತಾಯಿಯ ಮೈಯಿಂದ ಪೆಥಿಡಿನ್ ಬೇಗ ಇಳಿಯುತ್ತದೆ. ಎಳೆ ಮಗುವಿನ ಮೈಯಲ್ಲಿ ಅದರ ಉಳಿಕೆ ದಿನಗಟ್ಟಲೆ ನಿಲ್ಲಬಹುದು. ಅಂಥ ಮಗು ಎದೆಗೆ ಬಾಯಿ ಹಾಕಲು ತಡ ಮಾಡುತ್ತದೆ, ಎರಡು ಸಲ ಚೀಪಿ ನಿದ್ದೆ ಹೋಗುತ್ತದೆ. ಆಗ ಮನೆಯ ಹಿರಿಯರು "ಇವಳಿಗೆ ಹಾಲೇ ಇಲ್ಲ" ಎಂದು ಬಾಟಲಿ ತರಿಸುತ್ತಾರೆ, ಅಲ್ವಾ? ತರಿಸಬೇಡಿ. ಇಂಜೆಕ್ಷನ್ ಕೊಟ್ಟಿದ್ದರೆ ಅದನ್ನು ಮಕ್ಕಳ ಡಾಕ್ಟರಿಗೆ ತಿಳಿಸಿ. ಮಗುವನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಆನಿಸಿ, ಮೇಲೊಂದು ಬಟ್ಟೆ ಹೊದಿಸಿ. ಕಣ್ಣು ಬಿಟ್ಟಾಗಲೆಲ್ಲ ಮೊಲೆ ಬಾಯಿಗಿಡಿ. ಆಗಲೂ ಚೀಪದಿದ್ದರೆ, ಕೈಯಲ್ಲಿ ಹಿಂಡಿದ ಗಿಣ್ಣು ಹಾಲನ್ನೇ ಚಮಚದಲ್ಲಿ ಹೇಗೆ ಕುಡಿಸಬೇಕೆಂದು ಸಿಸ್ಟರ್ ತೋರಿಸಿಕೊಡುತ್ತಾರೆ.