ಪ್ಲಗಿನ್ ಹಾಕಿದ ಮೇಲೆ ತೆರೆಯದ ಲಾಗಿನ್

ಕೇಳುಗರಿಗೆ ನಮಸ್ಕಾರ. ಕೊಡಗಿನಲ್ಲಿ ಹೋಂಸ್ಟೇ ನಡೆಸುವವರು, ತೋಟದ ಕಾಫಿಯನ್ನು ತಾವೇ ಹುರಿದು ಪುಡಿ ಮಾಡಿ ಮಾರುವವರು, ಕರಿಮೆಣಸು, ಜೇನು, ಕಾಚಂಪುಳಿಯನ್ನು ಪಾರ್ಸೆಲ್ ಕಳುಹಿಸುವವರು ಇಂದು ತಮ್ಮದೇ ವೆಬ್‌ಸೈಟ್ ಇಟ್ಟುಕೊಂಡಿದ್ದಾರೆ. ವೆಬ್‌ಸೈಟ್ ಕಟ್ಟಲು ಬಳಸುವ ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಕಟ್ಟಿದ ಇಂಥ ಕೆಲವು ವೆಬ್‌ಸೈಟ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹೊಸ ಪ್ಲಗಿನ್ ಒಂದನ್ನು, ಅಂದರೆ ವೆಬ್‌ಸೈಟಿಗೆ ಹೆಚ್ಚಿನ ಸೌಲಭ್ಯ ಸೇರಿಸುವ ಸಣ್ಣ ತಂತ್ರಾಂಶವನ್ನು, ಹಾಕಿದ ಮೇಲೆ ಮಾಲೀಕರಿಗೇ ಒಳಗೆ ಹೋಗಲು ಆಗದಿದ್ದರೆ ಏನು ಮಾಡಬೇಕು ಎಂಬುದನ್ನು ಇಂದು ಹೇಳಲು ಬಂದಿದ್ದೇನೆ.

ಕಳೆದ ಮಳೆಗಾಲದ ಒಂದು ಸಂಜೆ ವಿರಾಜಪೇಟೆಯ ಕಡೆಯ ಹೋಂಸ್ಟೇಯಿಂದ ಅಕ್ಕ ಒಬ್ಬರು ಫೋನ್ ಮಾಡಿದರು. "ಪಾಸ್‌ವರ್ಡ್ ತಪ್ಪು ಎಂದೂ ಹೇಳುವುದಿಲ್ಲ, ಒಳಗೂ ಬಿಡುವುದಿಲ್ಲ. ಒತ್ತಿದಷ್ಟು ಸಲವೂ ಅದೇ ಲಾಗಿನ್ ಪುಟ, ತುಂಬಿದ್ದೆಲ್ಲ ಹೋಗಿ ಖಾಲಿ ಖಾಲಿ ಬರುತ್ತದೆ" ಎಂದರು. ಪಾಸ್‌ವರ್ಡ್ ಮರೆತಿದೆ ಎಂದು ಕೇಳಿಕೊಂಡರೆ ಬರಬೇಕಾದ ಇಮೇಲ್ ಕೂಡ ಬಂದಿರಲಿಲ್ಲ. ಮಧ್ಯಾಹ್ನ ಏನಾದರೂ ಹೊಸದಾಗಿ ಹಾಕಿದಿರಾ ಎಂದು ಕೇಳಿದಾಗ, ವೆಬ್‌ಸೈಟಿನ ವಿಳಾಸವನ್ನು ಒಂದೇ ರೂಪಕ್ಕೆ ತರುವ ಪ್ಲಗಿನ್ ಹಾಕಿದ್ದು ಅವರಿಗೆ ನೆನಪಾಯಿತು.

ಇಲ್ಲಿ ಒಂದು ಸಂಗತಿಯನ್ನು ತಿಳಿದಿರಬೇಕು. ವರ್ಡ್‌ಪ್ರೆಸ್ ಯಾವ ಪುಟವನ್ನು ತೆರೆದರೂ, ಲಾಗಿನ್ ಪುಟವನ್ನೂ ಸೇರಿಸಿ, ಚಾಲ್ತಿಯಲ್ಲಿರುವ ಪ್ಲಗಿನ್‌ಗಳನ್ನೆಲ್ಲ ಮೊದಲು ಓದಿಕೊಳ್ಳುತ್ತದೆ. ನಿಮ್ಮ ಪಾಸ್‌ವರ್ಡನ್ನು ಪರೀಕ್ಷಿಸುವುದು ಆಮೇಲೆ. ಆದ್ದರಿಂದ ಒಂದೇ ಒಂದು ಪ್ಲಗಿನ್ ಕೆಟ್ಟರೂ, ಪಾಸ್‌ವರ್ಡ್ ಸರಿಯಿದ್ದರೂ, ಅದನ್ನು ನೋಡುವವರೆಗೆ ಕೆಲಸ ಮುಂದುವರಿಯದೆ ಇರಬಹುದು. ಹೀಗಿರುವಾಗ ಪಾಸ್‌ವರ್ಡನ್ನೇ ಅನುಮಾನಿಸಿ ಹತ್ತು ಸಲ ಬದಲಾಯಿಸಲು ಹೊರಡುವುದು ವ್ಯರ್ಥ ಶ್ರಮ.

ಆ ಅಕ್ಕನವರ ವೆಬ್‌ಸೈಟ್‌ನ ವಿಳಾಸ ಸೆಟ್ಟಿಂಗ್ಸ್‌ನಲ್ಲಿ ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಇಲ್ಲದೆ ದಾಖಲಾಗಿತ್ತು. ಪ್ಲಗಿನ್ ಮಾತ್ರ ಬಂದವರನ್ನೆಲ್ಲ ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಇರುವ ವಿಳಾಸಕ್ಕೆ ತಿರುಗಿಸುತ್ತಿತ್ತು. ಲಾಗಿನ್ ಗುಂಡಿ ಒತ್ತಿದಾಗ ಹೆಸರು ಮತ್ತು ಪಾಸ್‌ವರ್ಡ್ ಹಳೆಯ ವಿಳಾಸಕ್ಕೆ ಹೋಗುತ್ತಿದ್ದವು, ಅಲ್ಲಿಂದ ಹೊಸದಕ್ಕೆ ತಿರುಗುವಾಗ ಬ್ರೌಸರ್ ಪುಟವನ್ನು ಮಾತ್ರ ಹೊಸದಾಗಿ ಕೇಳಿ, ತುಂಬಿದ ವಿವರವನ್ನು ಅಲ್ಲಿಯೇ ಬಿಟ್ಟುಬಿಡುತ್ತಿತ್ತು. ಪರೀಕ್ಷಿಸಲು ಪಾಸ್‌ವರ್ಡೇ ತಲುಪದಿದ್ದ ಮೇಲೆ ತಪ್ಪು ಎಂದು ಹೇಳುವವರಾದರೂ ಯಾರು? ಪಾಸ್‌ವರ್ಡ್ ಮರೆತವರ ಅರ್ಜಿಗೂ ಇದೇ ಗತಿಯಾಗಿತ್ತು.

ನಾವು ಮಾಡಿದ್ದು ಇಷ್ಟು. ವೆಬ್‌ಸೈಟಿನ ಫೈಲುಗಳನ್ನು ಇಟ್ಟುಕೊಳ್ಳುವ ಹೋಸ್ಟಿಂಗ್ ಕಂಪನಿ ಕೊಟ್ಟಿದ್ದ ನಿಯಂತ್ರಣ ಫಲಕಕ್ಕೆ ಲಾಗಿನ್ ಆಗಿ, ಫೈಲ್ ಮ್ಯಾನೇಜರ್ ತೆರೆದು, ಡಬ್ಲ್ಯುಪಿ-ಕಂಟೆಂಟ್ ಎಂಬ ಫೋಲ್ಡರಿನೊಳಗಿನ ಪ್ಲಗಿನ್ಸ್ ಫೋಲ್ಡರಿಗೆ ಹೋದೆವು. ಅಲ್ಲಿ ಒಂದೊಂದು ಪ್ಲಗಿನ್‌ಗೂ ಒಂದೊಂದು ಫೋಲ್ಡರ್ ಇರುತ್ತದೆ. ಹೊಸ ಪ್ಲಗಿನ್‌ನ ಫೋಲ್ಡರಿನ ಹೆಸರಿನ ಕೊನೆಗೆ ಹಳೆಯದು ಎಂಬ ಅರ್ಥದ ಒಂದು ಪದವನ್ನು ಸೇರಿಸಿದೆವು. ಅದೇ ಹೆಸರಿನ ಫೋಲ್ಡರ್ ಸಿಗದಿದ್ದರೆ ವರ್ಡ್‌ಪ್ರೆಸ್ ಆ ಪ್ಲಗಿನ್ನನ್ನು ಓದದೆ ಮುಂದಕ್ಕೆ ಹೋಗುತ್ತದೆ. ಅದನ್ನು ಅಳಿಸಬೇಡಿ, ಹೆಸರು ಮಾತ್ರ ಬದಲಾಯಿಸಿ. ಯಾಕೆಂದರೆ ಪ್ಲಗಿನ್‌ನ ಸೆಟ್ಟಿಂಗ್ಸ್ ಮತ್ತು ದಾಖಲೆಗಳು ಸಾಮಾನ್ಯವಾಗಿ ಡೇಟಾಬೇಸ್‌ನಲ್ಲಿ ಹಾಗೆಯೇ ಉಳಿದಿರುತ್ತವೆ, ಹೆಸರನ್ನು ಹಿಂದಿನಂತೆ ಮಾಡಿ ಮತ್ತೆ ಚಾಲೂ ಮಾಡಿದರೆ ಸಿಗುತ್ತವೆ. ಯಾವುದು ದೋಷಿ ಎಂದು ಗೊತ್ತಿಲ್ಲದಿದ್ದರೆ ಪ್ಲಗಿನ್ಸ್ ಫೋಲ್ಡರಿನ ಹೆಸರನ್ನೇ ಬದಲಾಯಿಸಬಹುದು. ಆದರೆ ಆಗ ಬುಕಿಂಗ್ ಫಾರ್ಮ್ ಕೂಡ ಅತಿಥಿಗಳಿಗೆ ಕಾಣುವುದಿಲ್ಲ. ಆದ್ದರಿಂದ ಸೀಸನ್‌ನಲ್ಲಿ ಅದು ಕೊನೆಯ ದಾರಿಯಾಗಿರಲಿ.

ಹೆಸರು ಬದಲಾಯಿಸಿದ ಮೇಲೂ ಆ ಅಕ್ಕನ ಲ್ಯಾಪ್‌ಟಾಪಿನಲ್ಲಿ ಮತ್ತೆ ಅದೇ ಖಾಲಿ ಲಾಗಿನ್ ಪುಟ ಬಂತು. ಶಾಶ್ವತವಾಗಿ ತಿರುಗಿಸಿದ ವಿಳಾಸವನ್ನು ಬ್ರೌಸರ್ ನೆನಪಿಟ್ಟುಕೊಂಡು, ವೆಬ್‌ಸೈಟನ್ನು ಕೇಳದೆಯೇ ತಾನೇ ತಿರುಗಿಸುತ್ತದೆ. ಮೊಬೈಲಿನ ಬ್ರೌಸರಿನಲ್ಲಿ ಖಾಸಗಿ ಟ್ಯಾಬ್ ತೆರೆದು ನೋಡಿದಾಗ, ವೆಬ್‌ಸೈಟನ್ನು ಒಳಗಿನಿಂದ ನಡೆಸುವ ಪುಟವಾದ ಡ್ಯಾಶ್‌ಬೋರ್ಡ್ ಬಂದೇಬಿಟ್ಟಿತು. ಆಮೇಲೆ ಲ್ಯಾಪ್‌ಟಾಪಿನ ಬ್ರೌಸರಿನ ಕುಕೀ ಮತ್ತು ಕ್ಯಾಶೆಯನ್ನು, ಅಂದರೆ ಬ್ರೌಸರ್ ಉಳಿಸಿಟ್ಟುಕೊಂಡ ಗುರುತು ಮತ್ತು ಪ್ರತಿಗಳನ್ನು, ಅಳಿಸಿದರೆ ಸಾಕಾಯಿತು. ಇನ್ನೊಂದು ಎಚ್ಚರಿಕೆ: ಭದ್ರತೆಯ ಪ್ಲಗಿನ್‌ಗಳು ಕೆಲವೊಮ್ಮೆ ವೆಬ್‌ಸೈಟಿನ ಮುಖ್ಯ ಫೋಲ್ಡರಿನಲ್ಲಿರುವ ಚುಕ್ಕಿ-ಎಚ್‌ಟಿ‌ಆ್ಯಕ್ಸೆಸ್ ಎಂಬ ಫೈಲಿನಲ್ಲಿ ತಮ್ಮ ಸಾಲುಗಳನ್ನು ಬರೆದಿರುತ್ತವೆ. ಫೋಲ್ಡರಿನ ಹೆಸರು ಬದಲಾದರೆ ಆ ಸಾಲುಗಳು ಹೋಗುವುದಿಲ್ಲ. ಆ ಫೈಲಿನ ಪ್ರತಿಯನ್ನು ಬೇರೆಡೆ ಉಳಿಸಿಕೊಂಡು, ಪ್ಲಗಿನ್‌ನ ಹೆಸರು ಹೊತ್ತ ಆರಂಭ ಮತ್ತು ಅಂತ್ಯದ ಗುರುತುಗಳನ್ನೂ ಅವುಗಳ ನಡುವಿನ ಸಾಲುಗಳನ್ನೂ ಮಾತ್ರ ತೆಗೆಯಬೇಕು.

ಎಲ್ಲರಿಗೂ ಇಂಥ ಖಾಲಿ ಲಾಗಿನ್ ಪುಟವೇ ಕಾಣಿಸುತ್ತದೆ ಎಂದೇನಿಲ್ಲ. ಲಾಗಿನ್ ಪುಟವೇ ಸಿಗುವುದಿಲ್ಲ ಎಂದು ಬಂದರೆ, ಭದ್ರತಾ ಪ್ಲಗಿನ್ ಲಾಗಿನ್ ವಿಳಾಸವನ್ನು ಗುಟ್ಟಾಗಿಡಲು ಬದಲಾಯಿಸಿರಬಹುದು. ಹಾಕಿದ ದಿನ ಬಂದ ಇಮೇಲ್‌ನಲ್ಲಿ ಹೊಸ ವಿಳಾಸ ಇದೆಯೇ ನೋಡಿ. ಹಲವು ಸಲ ತಪ್ಪಾಗಿ ಪ್ರಯತ್ನಿಸಿದ್ದರಿಂದ ತಡೆಹಿಡಿಯಲಾಗಿದೆ ಎಂದು ತೋರಿಸಿದರೆ, ತಡೆ ಬೀಳುವುದು ಸಾಮಾನ್ಯವಾಗಿ ನಿಮ್ಮ ಇಂಟರ್ನೆಟ್ ಸಂಪರ್ಕದ ಐಪಿ ವಿಳಾಸಕ್ಕೆ, ಅಂದರೆ ಆ ಸಂಪರ್ಕವನ್ನು ಗುರುತಿಸುವ ಸಂಖ್ಯೆಗೆ. ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾದಿಂದ ಹೋದರೆ ಬೇರೆ ಐಪಿ ಸಿಗುತ್ತದೆ. ತೋಟದೊಳಗೆ ಸಿಗ್ನಲ್ ಇಲ್ಲದವರು ರಸ್ತೆಯವರೆಗೆ ನಡೆದು ಹೋಗಿ ನೋಡಬೇಕಾದೀತು. ಎರಡನೆಯ ಹಂತದ ಕೋಡ್ ಕೇಳುವ ಪ್ಲಗಿನ್ ಹಾಕಿದ್ದರೆ ಫೋನಿನ ಗಡಿಯಾರವನ್ನು ನೋಡಿ. ಆಪ್‌ನಲ್ಲಿ ಬರುವ ಆ ಆರಂಕಿಯ ಕೋಡ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಸಮಯದ ಲೆಕ್ಕದಲ್ಲಿಯೇ ಬದಲಾಗುತ್ತದೆ, ಗಡಿಯಾರ ತಪ್ಪಿದ್ದರೆ ಕೋಡೂ ತಪ್ಪುತ್ತದೆ.

ಗಂಭೀರ ದೋಷ ಉಂಟಾಗಿದೆ ಎಂಬ ಸಾಲಿನ ಪುಟ ಬಂದರೆ ಗಾಬರಿಯಾಗಬೇಡಿ. 2019ರಲ್ಲಿ ಬಂದ 5.2ನೇ ಆವೃತ್ತಿಯಿಂದ ವರ್ಡ್‌ಪ್ರೆಸ್, ಇಂಥ ದೋಷ ಕಂಡಾಗ ಆಡಳಿತದ ಇಮೇಲ್ ವಿಳಾಸಕ್ಕೆ ವಿಶೇಷ ಲಿಂಕ್ ಒಂದನ್ನು ಕಳುಹಿಸುತ್ತದೆ. ಅದನ್ನು ತೆರೆದು ಲಾಗಿನ್ ಆದರೆ, ಕೆಟ್ಟ ಪ್ಲಗಿನ್ ನಿಮ್ಮ ಮಟ್ಟಿಗೆ ತಡೆಹಿಡಿಯಲ್ಪಟ್ಟು ಡ್ಯಾಶ್‌ಬೋರ್ಡ್ ಸಿಗುತ್ತದೆ, ಅದನ್ನು ಅಲ್ಲಿಯೇ ನಿಲ್ಲಿಸಬಹುದು. ದುಃಖವೆಂದರೆ, ನಾನು ನೋಡಿದ ಎಷ್ಟೋ ವೆಬ್‌ಸೈಟ್‌ಗಳಲ್ಲಿ ಆ ಇಮೇಲ್ ವಿಳಾಸ ಮಾಲೀಕರದಲ್ಲ. ವೆಬ್‌ಸೈಟ್ ಕಟ್ಟಿಕೊಟ್ಟು ಬೆಂಗಳೂರಿಗೆ ಹೋದ ಹುಡುಗನದು. ಅವರ ಕೈಗೆ ಬರಬೇಕಾದ ಲಿಂಕ್, ಅವರು ಕಾಣದ ಡಬ್ಬಿಯಲ್ಲಿ ಬಿದ್ದಿರುತ್ತದೆ.

ಇದನ್ನು ಕೇಳುತ್ತಿರುವ ವೆಬ್‌ಸೈಟ್ ಮಾಲೀಕರು, ಲಾಗಿನ್ ಸುಸೂತ್ರವಾಗಿರುವ ಇಂದೇ ಡ್ಯಾಶ್‌ಬೋರ್ಡಿನ ಸಾಮಾನ್ಯ ಸೆಟ್ಟಿಂಗ್ಸ್ ತೆರೆದು ಆಡಳಿತದ ಇಮೇಲ್ ಯಾರದೆಂದು ನೋಡಿ, ನಿಮ್ಮದಲ್ಲದಿದ್ದರೆ ನಿಮ್ಮದನ್ನು ಹಾಕಿ ಉಳಿಸಿ. ಹೊಸ ವಿಳಾಸಕ್ಕೆ ದೃಢೀಕರಣದ ಇಮೇಲ್ ಒಂದು ಬರುತ್ತದೆ. ಅದರಲ್ಲಿರುವ ಲಿಂಕ್ ಒತ್ತುವವರೆಗೂ ಹಳೆಯ ವಿಳಾಸವೇ ಚಾಲ್ತಿಯಲ್ಲಿರುತ್ತದೆ. ನಮಸ್ಕಾರ.