ಎಣ್ಣೆ ಡಬ್ಬಿ ಮೊದಲು ಕೆಳಗಿಡಿ

ಹಳೇ ಮಾಡೆಲ್ ರೈಲಿನ ಎಂಜಿನ್ ಒಂದು ಕೈಗೆ ಬಂತು ಅಂತಿಟ್ಕೊಳ್ಳಿ. ಎಷ್ಟೋ ವರ್ಷ ಡಬ್ಬಿಯಲ್ಲೇ ಮಲಗಿದ್ದದ್ದು. ಹಳಿ ಮೇಲಿಟ್ಟು ಕರೆಂಟ್ ಕೊಟ್ರೆ ಗುಂಯ್ ಅನ್ನುತ್ತೆ, ಜಾಗ ಬಿಟ್ಟು ಅಲ್ಲಾಡಲ್ಲ. ತಕ್ಷಣ ಕೈ ಹೋಗೋದು ಸ್ಪ್ರೇ ಡಬ್ಬಿಗೆ. ಮೋಟರಿನೊಳಗೆ ಪುಸ್ ಅಂತ ಒಂದು ಸಲ. ಆಮೇಲೆ ಕಂಟ್ರೋಲರಿನ ಗುಂಡಿ ಕೊನೇ ತನಕ. ಇವೆರಡೂ ಆದಮೇಲೆ ಅದಕ್ಕೆ ನಿಜವಾಗಿ ರಿಪೇರಿ ಬೇಕಾಗುತ್ತೆ.

ನನ್ನ ತಕರಾರು ಇಷ್ಟೇ. ಈ ಎಂಜಿನ್‌ಗಳು ಓಡಿ ಸವೆದು ಕೆಟ್ಟದ್ದಕ್ಕಿಂತ ರಿಪೇರಿ ಹೆಸರಲ್ಲಿ ಕೆಟ್ಟದ್ದೇ ಜಾಸ್ತಿ. ಎಣ್ಣೆ ಜಾಸ್ತಿ, ಉಜ್ಜಾಟ ಜಾಸ್ತಿ, ಬಿಚ್ಚಾಟ ಜಾಸ್ತಿ.

ಮೊದಲು ಆ ಗುಂಯ್ ಸದ್ದನ್ನೇ ತಗೊಳ್ಳಿ. ಅಮೆರಿಕದ ಲಯನೆಲ್ ಕಂಪನಿಯ ಎಂಜಿನ್ ಆಗಿದ್ರೆ ಅದು ಕೆಟ್ಟೇ ಇರದಿರಬಹುದು. ಅದರೊಳಗೆ ಓಟದ ದಿಕ್ಕು ಬದಲಿಸೋ ಇ-ಯೂನಿಟ್ ಅಂತ ಒಂದು ಭಾಗ ಇರುತ್ತೆ. ಕರೆಂಟ್ ಒಂದು ಸಲ ನಿಂತು ಮತ್ತೆ ಬಂದ್ರೆ ಒಳಗಿನ ಪುಟ್ಟ ಡ್ರಮ್ ಒಂದು ಹೆಜ್ಜೆ ತಿರುಗುತ್ತೆ. ಮುಂದೆ, ನ್ಯೂಟ್ರಲ್, ಹಿಂದೆ, ಮತ್ತೆ ನ್ಯೂಟ್ರಲ್, ಇದು ಅದರ ಸುತ್ತು. ನ್ಯೂಟ್ರಲ್‌ನಲ್ಲಿ ನಿಂತ ಎಂಜಿನ್ ಗುಂಯ್ಗುಡೋದು ಬಿಟ್ಟು ಇನ್ನೇನೂ ಮಾಡಲ್ಲ. ಕರೆಂಟ್ ತೆಗೆದು ಮತ್ತೆ ಕೊಡಿ, ಅಷ್ಟೇ. ಆ ಡ್ರಮ್ಮಿಗೆ ಮಾತ್ರ ದಯವಿಟ್ಟು ಎಣ್ಣೆ ಬಿಡಬೇಡಿ. ಅದರ ಮೇಲೆ ಒರಗಿರೋ ತಾಮ್ರದ ತೆಳು ಬೆರಳುಗಳಿಗೆ ಬೇಕಾದ್ದು ಸ್ವಚ್ಛ ಲೋಹ. ಎಣ್ಣೆ ಬಿಟ್ರೆ ಧೂಳು ಕೂತು ಸಂಪರ್ಕ ತಪ್ಪುತ್ತೆ.

ಕರೆಂಟ್ ಯಾವ ಜಾತಿಯದು ಅನ್ನೋದೂ ಮುಖ್ಯ. ಲಯನೆಲ್ ಮತ್ತು ಜರ್ಮನಿಯ ಹಳೇ ಮೆರ್ಕ್ಲಿನ್ ಎಂಜಿನ್ ಓಡೋದು ಎಸಿಯಲ್ಲಿ, ಅಂದ್ರೆ ದಿಕ್ಕು ಬದಲಿಸ್ತಾ ಇರೋ ಕರೆಂಟಲ್ಲಿ. ಹಾರ್ನ್‌ಬಿ ಡಬ್ಲೊ, ಟ್ರೈಯಾಂಗ್ ಅನ್ನೋ ಬ್ರಿಟಿಷ್ ಎಂಜಿನ್ ಓಡೋದು 12 ವೋಲ್ಟ್ ಡಿಸಿಯಲ್ಲಿ, ಅಂದ್ರೆ ಒಂದೇ ದಿಕ್ಕಿನ ಕರೆಂಟಲ್ಲಿ. ಶಾಶ್ವತ ಅಯಸ್ಕಾಂತ ಇರೋ ಡಿಸಿ ಮೋಟರಿಗೆ ಎಸಿ ಕೊಟ್ರೆ ಅದು ನಿಂತಲ್ಲೇ ನಡುಗುತ್ತೆ, ಕಾಯುತ್ತೆ, ಅಯಸ್ಕಾಂತದ ಬಲವೂ ಇಳಿಯಬಹುದು. ಇನ್ನು ಎಂಜಿನ್ ಜೊತೆ ಬಂದ ಹಳೇ ಟ್ರಾನ್ಸ್‌ಫಾರ್ಮರ್: ವೈರಿನ ರಬ್ಬರ್ ಬಿರುಕು ಬಿಟ್ಟಿದ್ರೆ ಅದನ್ನ ಪ್ಲಗ್ಗಿಗೆ ಸಿಕ್ಕಿಸಲೇಬೇಡಿ. ನೋಡೋಕೆ ಚೆಂದ, ಶೋಕೇಸಲ್ಲಿರಲಿ.

ಈಗ ಬಿಚ್ಚೋ ವಿಷಯ. ಬಿಚ್ಚೋ ಮುಂಚೆ ಒಂದು ಫೋಟೊ, ಪ್ರತಿ ಸ್ಕ್ರೂ ತೆಗೆದ ಮೇಲೆ ಇನ್ನೊಂದು. ಸ್ಕ್ರೂಡ್ರೈವರಿನ ತುದಿ ಸ್ಕ್ರೂ ತಲೆಯ ಸೀಳಿನಲ್ಲಿ ಅಲ್ಲಾಡದ ಹಾಗೆ ಕೂರಬೇಕು. ಹಳೇ ಬ್ರಿಟಿಷ್ ಎಂಜಿನ್‌ಗಳಲ್ಲಿ ಇರೋದು ಬಿಎ (ಬ್ರಿಟಿಷ್ ಅಸೋಸಿಯೇಷನ್) ಅಳತೆಯ ಥ್ರೆಡ್. 8 ಬಿಎ ಸ್ಕ್ರೂವಿನ ವ್ಯಾಸ 2.2 ಮಿ.ಮೀ. ಕಳೆದುಹೋದ ಸ್ಕ್ರೂವಿನ ಜಾಗಕ್ಕೆ 2 ಮಿ.ಮೀ. ಮೆಟ್ರಿಕ್ ಸ್ಕ್ರೂ ಹಾಕಿದ್ರೆ ಸಡಿಲ, ಅದಕ್ಕಿಂತ ದಪ್ಪದ್ದನ್ನ ಒತ್ತಿ ತಿರುಗಿಸಿದ್ರೆ ಥ್ರೆಡ್ಡೇ ಹಾಳು. ಮೋಟರಿಗೆ ಕರೆಂಟ್ ಮುಟ್ಟಿಸೋ ಕಾರ್ಬನ್ ಬ್ರಷ್ಷಿನ ಸ್ಪ್ರಿಂಗ್ ತೆಗೆಯೋವಾಗ ಎಂಜಿನ್ನನ್ನೂ ನಿಮ್ಮ ಕೈಯನ್ನೂ ಒಂದು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗಿಟ್ಟು ತೆಗೀರಿ. ಹಾರಿದ ಸ್ಪ್ರಿಂಗ್ ಚೀಲದಲ್ಲೇ ಬೀಳುತ್ತೆ, ಸೋಫಾ ಅಡಿ ತೆವಳೋದು ತಪ್ಪುತ್ತೆ.

ಚಕ್ರ ಕೈಯಲ್ಲಿ ತಿರುಗಿಸಿ ನೋಡೋ ಆಸೆ ಎಲ್ಲರಿಗೂ. ಸ್ವಲ್ಪ ತಾಳಿ. ಮೋಟರಿನ ದಂಡದಲ್ಲಿ ಸ್ಕ್ರೂ ಆಕಾರದ ವರ್ಮ್ ಇದ್ರೆ, ಅದು ಚಕ್ರವನ್ನ ತಿರುಗಿಸುತ್ತೆ, ಚಕ್ರ ಅದನ್ನ ತಿರುಗಿಸಲ್ಲ. ಬಲ ಹಾಕಿದ್ರೆ ಹೋಗೋದು ಗೇರಿನ ಹಲ್ಲು. ಆರ್ಮೇಚರನ್ನ, ಅಂದ್ರೆ ಮೋಟರಿನೊಳಗೆ ತಿರುಗೋ ತಂತಿ ಸುತ್ತಿದ ಭಾಗವನ್ನ, ಬೆರಳಲ್ಲಿ ತಿರುಗಿಸಿ ನೋಡಿ. ಬಿಗಿ ಇದ್ರೆ ಮುಕ್ಕಾಲು ಪಾಲು ಕಾರಣ ಹಳೇ ಗ್ರೀಸು. ಮೇಣದ ಥರ ಗಟ್ಟಿಯಾಗಿ, ಕಂದು ಬಣ್ಣಕ್ಕೆ ತಿರುಗಿರುತ್ತೆ. ಅದರ ಮೇಲೆ ಹೊಸ ಎಣ್ಣೆ ಹಾಕೋದು ಅಂದ್ರೆ ತಳ ಹಿಡಿದ ಪಾತ್ರೆ ತೊಳೀದೆ ಅದರಲ್ಲೇ ಮತ್ತೆ ಒಗ್ಗರಣೆ ಹಾಕಿದ ಹಾಗೆ. ಮರದ ಕಡ್ಡಿಯಲ್ಲಿ ಕೆರೆದು ತೆಗೀರಿ. ಉಳಿದದ್ದಕ್ಕೆ ವೈಟ್ ಸ್ಪಿರಿಟ್ (ಪೇಂಟ್ ತೆಳುಮಾಡೋ ದ್ರಾವಕ), ಅದೂ ಬರೀ ಲೋಹದ ಭಾಗಕ್ಕೆ. ಪ್ಲಾಸ್ಟಿಕ್ ಬಾಡಿ ಪಕ್ಕದ ರೂಮಲ್ಲಿರಲಿ, ಕಿಟಕಿ ತೆರೆದಿರಲಿ, ಬೆಂಕಿ ಹತ್ತಿರ ಬೇಡ.

ಚಕ್ರಗಳನ್ನ ಅಚ್ಚಿನಿಂದ ಕೀಳಬೇಡಿ. ಹಬೆ ಎಂಜಿನ್ನಿನಲ್ಲಿ ಚಕ್ರಕ್ಕೆ ಸರಳು ಸಿಕ್ಕಿಸೋ ಎಡಗಡೆ ಕ್ರ್ಯಾಂಕ್ ಪಿನ್ನಿಗೂ ಬಲಗಡೆ ಪಿನ್ನಿಗೂ 90 ಡಿಗ್ರಿ ಅಂತರ ಇರುತ್ತೆ, ಎಲ್ಲಾ ಅಚ್ಚುಗಳಲ್ಲೂ ಒಂದೇ ಥರ. ಒಂದು ಚಕ್ರ ಕಿತ್ತು ಅಂದಾಜಲ್ಲಿ ಕೂರಿಸಿದ್ರೆ ಕೋನ ಕೊಂಚ ತಪ್ಪಿದ್ರೂ ಸಾಕು, ಚಕ್ರಗಳನ್ನ ಜೋಡಿಸೋ ಆ ಸರಳು ಬಿಗಿದು ಎಂಜಿನ್ ಕುಂಟುತ್ತೆ. ಅದನ್ನ ಮತ್ತೆ ಹೊಂದಿಸೋಕೆ ಬೇರೆ ಸಾಧನವೇ ಬೇಕು.

ಮುಖ್ಯ ಜಾಗ ಕಮ್ಯುಟೇಟರ್, ಅಂದ್ರೆ ಕಾರ್ಬನ್ ಬ್ರಷ್ ಉಜ್ಜೋ ತಾಮ್ರದ ಉರುಳೆ. ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ, ಕಪ್ಪು ಬರೋದು ನಿಲ್ಲೋ ತನಕ ಒರೆಸಿ. ತಾಮ್ರದ ತುಂಡುಗಳ ನಡುವಿನ ಸಂದಿಯನ್ನ ಮರದ ಟೂತ್‌ಪಿಕ್ಕಿನಲ್ಲಿ ಕೆರೆಯಿರಿ. ಉಪ್ಪು ಕಾಗದ ಬೇಡ, ಗೀಚಿದ ತಾಮ್ರ ಬ್ರಷ್ಷನ್ನ ಅರದ ಹಾಗೆ ತಿನ್ನುತ್ತೆ. ಸ್ಟೀಲ್ ವುಲ್ ಅಂತೂ ಈ ಮೇಜಿನ ಮೇಲೆ ಬರಲೇಬಾರದು. ಅದರ ಎಳೆಗಳು ನೇರ ಅಯಸ್ಕಾಂತಕ್ಕೆ ಹೋಗಿ ಅಂಟಿಕೊಳ್ತವೆ. ಎಣ್ಣೆ ಯಾಕೆ ಇಲ್ಲಿ ಶತ್ರು ಅಂತ ಕೇಳಿದ್ರೆ, ಬ್ರಷ್ಷಿನ ಕಾರ್ಬನ್ ಪುಡಿ ಎಣ್ಣೆ ಜೊತೆ ಕಲೆತು ಕಾಡಿಗೆ ಆಗುತ್ತೆ, ಆ ಕಾಡಿಗೆ ಸಂದಿ ತುಂಬುತ್ತೆ, ಕಾರ್ಬನ್ ವಿದ್ಯುತ್ ಹಾಯಿಸುತ್ತೆ. ಕರೆಂಟ್ ಸುರುಳಿಗೆ ಹೋಗೋ ಬದಲು ಸಂದಿ ದಾಟಿ ಹೋಗುತ್ತೆ. ಕಿಡಿ, ಬಿಸಿ, ಸುಟ್ಟ ವಾಸನೆ. ಮೋಟರ್ ಸತ್ತೋಯ್ತು ಅಂತ ಜನ ಬಿಸಾಕೋದು ಎಷ್ಟೋ ಸಲ ಈ ಹಂತದಲ್ಲಿ.

ಸತ್ತಿದೆಯಾ ಇಲ್ವಾ ಅಂತ ಮಲ್ಟಿಮೀಟರ್ ಹೇಳುತ್ತೆ. ಮೂರು ಧ್ರುವದ ಆರ್ಮೇಚರ್ ಆದ್ರೆ ತಾಮ್ರದ ತುಂಡುಗಳೂ ಮೂರು. ಒಂದು–ಎರಡು, ಎರಡು–ಮೂರು, ಮೂರು–ಒಂದು, ಈ ಮೂರೂ ಜೋಡಿಯ ಓಮ್ ಒಂದೇ ಬರಬೇಕು. ಒಂದು ಜೋಡಿ ಬೇರೆ ಹೇಳಿದ್ರೆ ಸುರುಳಿ ತುಂಡಾಗಿದೆ ಅಥವಾ ಒಳಗೇ ಶಾರ್ಟ್ ಆಗಿದೆ. ತಾಮ್ರದಿಂದ ದಂಡಕ್ಕೆ ಸಂಪರ್ಕವೇ ಸಿಗಬಾರದು. ಬ್ರಷ್ ತೆಗೆದು ಅಳೆಯಿರಿ. ಹಳೇ ಎಂಜಿನ್‌ಗಳಲ್ಲಿ ಟಿವಿಗೆ ಅಡ್ಡಿಯಾಗದಿರಲಿ ಅಂತ ಕೂರಿಸಿದ ಕೆಪಾಸಿಟರ್ ಇರುತ್ತೆ, ಅದೇ ಶಾರ್ಟ್ ಆಗಿರೋದೂ ಉಂಟು. ಒಂದು ಕಾಲು ಬಿಡಿಸಿ ನೋಡಿ. ಮತ್ತೆ ಬೆಸುಗೆ ಹಾಕೋವಾಗ ರಾಳದ ಫ್ಲಕ್ಸ್ ಮಾತ್ರ. ಆಸಿಡ್ ಫ್ಲಕ್ಸ್ ತಂತಿಯನ್ನ ನಿಧಾನಕ್ಕೆ ಕೊರೆಯುತ್ತೆ.

ಟ್ರೈಯಾಂಗಿನ ಎಕ್ಸ್ 04 ಮೋಟರ್ ತೆರೆದವರಿಗೆ ಒಂದು ಮಾತು. ಎರಡೂ ಬ್ರಷ್ ಒತ್ತೋದು ಒಂದೇ ಸ್ಪ್ರಿಂಗ್, ಅದರ ಒಂದು ಕಾಲಿಗೆ ಪುಟ್ಟ ನಿರೋಧಕ ತೋಳು ಇರುತ್ತೆ. ಕಸ ಅಂತ ಅದನ್ನ ಎಸೆದ್ರೆ ಎರಡೂ ಬ್ರಷ್ ಸೇರಿ ಶಾರ್ಟ್. ತೋಳು ಹರಿದಿದ್ರೆ ವೈರಿನ ಸಿಪ್ಪೆ ಸುಲಿದು ಒಂದು ತುಂಡು ತೂರಿಸಿದ್ರೂ ನಡೆಯುತ್ತೆ.

ಇದಕ್ಕಿಂತ ದೊಡ್ಡ ತಪ್ಪು ಆರ್ಮೇಚರನ್ನ ಹೊರಗೆಳೆಯೋದು. ಆ ಕಾಲದ ಆಲ್ನಿಕೊ (ಅಲ್ಯೂಮಿನಿಯಮ್, ನಿಕಲ್, ಕೋಬಾಲ್ಟ್ ಬೆರೆತ) ಅಯಸ್ಕಾಂತಗಳಿಗೆ ಧ್ರುವಗಳ ನಡುವೆ ಕಬ್ಬಿಣ ಇರಬೇಕು. ಆರ್ಮೇಚರ್ ತೆಗೆದ ಕೂಡಲೇ ಆ ದಾರಿ ತುಂಡಾಗಿ ಅಯಸ್ಕಾಂತ ಸೊರಗುತ್ತೆ, ಮತ್ತೆ ಜೋಡಿಸಿದ್ರೂ ಹೋದ ಬಲ ಬರಲ್ಲ. ತೆಗೀಲೇಬೇಕು ಅಂದ್ರೆ ಮೊದಲು ಒಂದು ಕಬ್ಬಿಣದ ತುಂಡನ್ನ ಧ್ರುವಗಳಿಗೆ ಅಡ್ಡ ಕೂರಿಸಿ. ಸೊರಗಿದ್ದರ ಲಕ್ಷಣ ವಿಚಿತ್ರ: ಮೋಟರ್ ಖಾಲಿ ಓಡೋವಾಗ ಮೊದಲಿಗಿಂತ ಜೋರು, ಎರಡು ಬೋಗಿ ಕಟ್ಟಿದ್ರೆ ಸುಸ್ತು, ಮುಟ್ಟಿದ್ರೆ ಸುಡುತ್ತೆ. ತಿರುಗೋ ಆರ್ಮೇಚರ್ ತಾನೂ ಒಂದು ಎದುರು ವೋಲ್ಟೇಜ್ ಹುಟ್ಟಿಸುತ್ತೆ, ಕರೆಂಟಿಗೆ ಅದೇ ಕಡಿವಾಣ. ಅಯಸ್ಕಾಂತ ಬಲ ಕಳ್ಕೊಂಡ್ರೆ ಕಡಿವಾಣವೂ ಸಡಿಲ. ಎಕ್ಸ್ 04 ಥರದ ಮೋಟರ್ 12 ವೋಲ್ಟಿಗೆ ಬೋಗಿ ಇಲ್ಲದೆ ಅರ್ಧ ಆಂಪಿಯರಿನೊಳಗೆ ಓಡಿದ್ರೆ ನೆಮ್ಮದಿ, 1 ಆಂಪಿಯರ್ ಹತ್ತಿರ ಹೋದ್ರೆ ಮೊದಲು ಅಯಸ್ಕಾಂತವನ್ನ ಅನುಮಾನಿಸಿ. ಸೊರಗಿದ್ದರ ಬದಲು ಹೊಸ ನಿಯೋಡೈಮಿಯಮ್ ಅಯಸ್ಕಾಂತದ ತುಂಡು ಹಾಕಿದ್ರೆ ಅಪಚಾರ ಅನ್ನೋರಿದ್ದಾರೆ. ನಾನು ಒಪ್ಪಲ್ಲ. ಹಳೇದನ್ನ ಒಂದು ಕವರಿನಲ್ಲಿ ಹಾಕಿ, ಯಾವ ಎಂಜಿನ್ನಿನದು ಅಂತ ಬರೆದು, ಡಬ್ಬಿಯಲ್ಲೇ ಇಟ್ರೆ ಯಾವ ಅಪಚಾರವೂ ಇಲ್ಲ.

ಅಪಚಾರ ಅಂದ್ರೆ ಬಣ್ಣ ಬಳಿಯೋದು. ಐಸೊಪ್ರೊಪೈಲ್ ಆಲ್ಕೋಹಾಲ್ ಬಾಡಿಗೆ ತಾಗಿದ್ರೆ ಬಣ್ಣ ಏಳಬಹುದು, ಅಕ್ಷರಗಳಂತೂ ಒಂದೇ ಒರೆಸಿಗೆ ಹೋಗ್ತವೆ. ಬಾಡಿಗೆ ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್, ಮೆತ್ತನೆ ಬ್ರಷ್, ಸಾಕು. ಅಕ್ಷರದ ಮೇಲೆ ಉಜ್ಜಬೇಡಿ, ಮೆತ್ತಗೆ ಒತ್ತಿ ಕೊಳೆ ತೆಗೀರಿ. ಮೂಲೆಯಲ್ಲಿ ಚಕ್ಕೆ ಎದ್ದಿದ್ರೆ ಇರಲಿ ಬಿಡಿ. ಅದು ಮೂಲ ಬಣ್ಣ ಅನ್ನೋದಕ್ಕೆ ಸಾಕ್ಷಿ.

ಒಂದು ರೋಗಕ್ಕೆ ಮಾತ್ರ ಮದ್ದಿಲ್ಲ. ಹಳೇ ಎರಕದ ಭಾಗದಲ್ಲಿ ಕೂದಲೆಳೆಯ ಬಿರುಕು, ಉಬ್ಬು, ಬಾಗು ಕಂಡ್ರೆ ಅದು ಸತುವಿನ ಮಿಶ್ರಲೋಹದಲ್ಲಿ ಸೀಸ ಬೆರೆತದ್ದರ ಫಲ. ಲೋಹದ ಕಣಗಳ ನಡುವೆ ತುಕ್ಕು ಹಿಡಿದು, ಒಳಗಿಂದಲೇ ಹಿಗ್ಗುತ್ತೆ. ನ್ಯೂಜೆರ್ಸಿ ಝಿಂಕ್ ಕಂಪನಿ 1929ರಲ್ಲಿ ಅತಿ ಶುದ್ಧ ಸತು ಬಳಸಿ ಜಮಾಕ್ ಅನ್ನೋ ಮಿಶ್ರಲೋಹ ತಂತು, ಆದ್ರೆ ಆಮೇಲೂ ಆಟಿಕೆ ಕಾರ್ಖಾನೆಗಳ ಎರಕದಲ್ಲಿ ಕೊಳೆ ಸತು ಬೆರೆಯೋದು ನಿಲ್ಲಲಿಲ್ಲ. 1938ರಲ್ಲಿ ಬಂದ ಹಾರ್ನ್‌ಬಿ ಡಬ್ಲೊದ ಯುದ್ಧಕ್ಕೆ ಮುಂಚಿನ ಎಂಜಿನ್‌ಗಳಲ್ಲೂ ಈ ಬಾಧೆ ಇದೆ. ಅಂಥದ್ದನ್ನ ಕ್ಲ್ಯಾಂಪಲ್ಲಿ ಹಿಡಿದು ನೆಟ್ಟಗೆ ಮಾಡೋಕೆ ಹೋದ್ರೆ ಬಿಸ್ಕತ್ತಿನ ಹಾಗೆ ಪುಡಿ. ಒಣ ಜಾಗದಲ್ಲಿಡಿ, ತೇವ ಅದನ್ನ ಬೇಗ ತಿನ್ನುತ್ತೆ. ಪಕ್ಕದ ಎಂಜಿನ್ನಿಗೆ ಅಂಟೋ ರೋಗ ಅಲ್ಲ, ಆ ಭಯ ಬೇಡ.

ಕೊನೆಗೆ ಎಣ್ಣೆ. ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ತೆಳು ಎಣ್ಣೆ, ಸೂಜಿಯ ತುದಿಯಲ್ಲಿ ನಿಂತಷ್ಟು, ಪ್ರತಿ ಬೇರಿಂಗಿಗೆ ಒಂದು. ಗೇರಿಗೆ ಗ್ರೀಸು ಅಕ್ಕಿ ಕಾಳಿನಷ್ಟು. ಬಾಡಿ ಹಾಕದೆ ಮುಂದಕ್ಕೆ 15 ನಿಮಿಷ, ಹಿಂದಕ್ಕೆ 15 ನಿಮಿಷ ಅರ್ಧ ವೇಗದಲ್ಲಿ ಓಡಿಸಿ, ನಿಲ್ಲಿಸಿ, ಹೊರಗೆ ಚೆಲ್ಲಿದ ಎಣ್ಣೆ ಒರೆಸಿ, ಕಮ್ಯುಟೇಟರ್ ಇನ್ನೊಂದು ಸಲ ನೋಡಿ. ಡಬ್ಬಿಗೆ ವಾಪಸ್ ಹಾಕೋವಾಗ ಹಳೇ ಸ್ಪಂಜು ತೆಗೆದು ಎಸೀರಿ. ಅದು ವರ್ಷ ಕಳೆದಂತೆ ಕರಗಿ ಅಂಟಾಗಿ ಬಣ್ಣಕ್ಕೆ ಹಿಡ್ಕೊಳ್ಳುತ್ತೆ. ಆಸಿಡ್ ಇಲ್ಲದ ಟಿಶ್ಯೂ ಕಾಗದದಲ್ಲಿ ಸುತ್ತಿಡಿ.