ಹದಿನಾರು ಚುಕ್ಕಿ ಆರು

ಕೇಳುಗರಿಗೆ ನಮಸ್ಕಾರ.

ಮೊದಲಿಗೆ ಒಂದು ಸಣ್ಣ ಲೆಕ್ಕ. ಒಂದು ಹಳೇ ಪಿಸ್ತೂಲಿನ ಬಲಮಗ್ಗುಲಲ್ಲಿ 16.6 ಎಂದು ಅಚ್ಚೊತ್ತಿದೆ. ಅದರ ಹಿಂದೆ ಒಂದು ಪುಟ್ಟ ಜಪಾನಿ ಅಕ್ಷರ. ಇದು ಯಾವ ಇಸವಿ?

ಹದಿನಾರಕ್ಕೆ 1925 ಕೂಡಿಸಿ. 1941 ಆಯಿತು. ಚುಕ್ಕಿಯ ಆಚೆ ಇರುವ ಆರು ಅಂದರೆ ಜೂನ್ ತಿಂಗಳು. ಜಪಾನು ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಅಂದರೆ ಈ ಪಿಸ್ತೂಲು ಕಾರ್ಖಾನೆಯಿಂದ ಹೊರಬಂದಾಗ ಜಪಾನು ಚೀನಾದಲ್ಲಿ ಕಾದುತ್ತಿತ್ತು, ಅಮೆರಿಕದ ತಂಟೆಗೆ ಇನ್ನೂ ಹೋಗಿರಲಿಲ್ಲ.

ಈ ಲೆಕ್ಕ ನನಗೆ ಹೇಳಿಕೊಟ್ಟವರು ಅಮೆರಿಕದ ಪೆನ್ಸಿಲ್ವೇನಿಯಾದ ಒಬ್ಬ ಮುದುಕರು. ನನ್ನ ತಂಗಿ ಅಲ್ಲಿದ್ದಾಳೆ. ಇವರು ಅವಳ ಪಕ್ಕದ ಮನೆಯವರು. ಹಳೇ ಜಪಾನಿ ಸೈನ್ಯದ ಪಿಸ್ತೂಲುಗಳನ್ನು ಕೂಡಿಡುವುದು ಅವರ ಹವ್ಯಾಸ. ಒಂದು ಸಂಜೆ ಅಡುಗೆಮನೆಯ ಮೇಜಿನ ಮೇಲೆ ಟವೆಲ್ ಹಾಸಿ, ಒಂದೊಂದಾಗಿ ತಂದು ಸಾಲಾಗಿ ಇಟ್ಟರು. ನಾನು ಅದುವರೆಗೆ ಪಿಸ್ತೂಲು ಮುಟ್ಟಿದವನಲ್ಲ. ಈಗಲೂ ನನ್ನ ಹತ್ತಿರ ಪಿಸ್ತೂಲಿಲ್ಲ, ಬೇಕೂ ಇಲ್ಲ. ಗುಂಡು ಹಾರಿಸಿ ತೋರಿಸುತ್ತಾರೇನೋ ಅಂದುಕೊಂಡಿದ್ದೆ. ಅವರು ಕೈಗೆ ಕೊಟ್ಟಿದ್ದು ಭೂತಗನ್ನಡಿ. 'ಓದಿ' ಅಂದರು.

ನಮಗೆ ಈ ಓದು ಹೊಸದಲ್ಲ. ಊರಾಚೆಯ ಶಾಸನದಲ್ಲಿ ಶಕ ವರ್ಷ ಇರುತ್ತದೆ, 78 ಕೂಡಿಸಿದರೆ ಇಸವಿ ಸಿಗುತ್ತದೆ. ಜಪಾನಿನವರದು ಅರಸರ ಲೆಕ್ಕ. ಹೊಸ ಚಕ್ರವರ್ತಿ ಪಟ್ಟಕ್ಕೆ ಬಂದರೆ ಎಣಿಕೆ ಮತ್ತೆ ಒಂದರಿಂದ ಶುರು. ಹಿರೋಹಿತೊ ಚಕ್ರವರ್ತಿಯ ಮೊದಲ ವರ್ಷ 1926, ಅದಕ್ಕೇ ಮೊದಲು 1925 ಕೂಡಿಸಿದ್ದು. ಪಿಸ್ತೂಲುಗಳ ಹೆಸರು ಹುಟ್ಟಿದ್ದೂ ಹೀಗೆಯೇ. 26ನೇ ಮಾದರಿ ಎನ್ನುವ ರಿವಾಲ್ವರ್ ಬಂದದ್ದು ಮೇಜಿ ಚಕ್ರವರ್ತಿಯ 26ನೇ ವರ್ಷ, ಅಂದರೆ 1893. 14ನೇ ಮಾದರಿ ಬಂದದ್ದು ತೈಶೋ ಚಕ್ರವರ್ತಿಯ 14ನೇ ವರ್ಷ, 1925. ಹಾಗಾದರೆ 94ನೇ ಮಾದರಿ? ಯಾವ ಚಕ್ರವರ್ತಿಯೂ 94 ವರ್ಷ ಆಳಲಿಲ್ಲವಲ್ಲ! ಇಲ್ಲಿ ಲೆಕ್ಕವೇ ಬೇರೆ. ಜಿಮ್ಮು ಎನ್ನುವ ಪುರಾಣದ ಮೊದಲ ಚಕ್ರವರ್ತಿ ಕ್ರಿಸ್ತಪೂರ್ವ 660ರಲ್ಲಿ ಪಟ್ಟಕ್ಕೆ ಬಂದ ಎಂದು ಹಿಡಿದು ಎಣಿಸಿದರೆ 1934ನೇ ಇಸವಿ 2594 ಆಗುತ್ತದೆ. ಅದರ ಕೊನೆಯ ಎರಡು ಅಂಕಿ 94. ಪುರಾಣದ ದೊರೆಯನ್ನು ಪಿಸ್ತೂಲಿನ ಹೆಸರಿಗೆ ಎಳೆದು ತಂದರಲ್ಲ, ಆ ಕಾಲದ ಜಪಾನಿನ ತಲೆ ಯಾವ ಕಡೆ ತಿರುಗಿತ್ತು ಎನ್ನುವುದಕ್ಕೆ ನನಗೆ ಅದೇ ಸಾಕು.

ಆ ರಿವಾಲ್ವರ್ ಬಿಟ್ಟರೆ ಉಳಿದವುಗಳ ಹಿಂದೆ ಇರುವ ದೊಡ್ಡ ಹೆಸರು ಕಿಜಿರೋ ನಂಬು. 1869ರಲ್ಲಿ ಸಾಗಾ ಎಂಬಲ್ಲಿ ಹುಟ್ಟಿದ ಸೈನ್ಯಾಧಿಕಾರಿ. ಅವರ ಮೊದಲ ಪಿಸ್ತೂಲು ಬಂದದ್ದು 1902ರಲ್ಲಿ. ಸಂಗ್ರಹಕಾರರು ಅದನ್ನು ಪ್ರೀತಿಯಿಂದ 'ಅಜ್ಜ' ಅನ್ನುತ್ತಾರೆ. ಅದನ್ನೇ ತಿದ್ದಿ ಮಾಡಿದ್ದು 'ಅಪ್ಪ'. ಅಂಗೈ ಅಗಲದ, 7 ಮಿಲಿಮೀಟರ್ ಗುಂಡಿನ ಚಿಕ್ಕದು 'ಕೂಸು'. ಸುಮ್ನೆ ಹೇಳುತ್ತಿಲ್ಲ, ಅವರ ಇಂಗ್ಲಿಷ್ ಹೆಸರುಗಳ ಅರ್ಥವೇ ಅದು. ಅಜ್ಜನನ್ನು ಗುರುತು ಹಿಡಿಯಬೇಕಾದರೆ ಗುಂಡು ತುಂಬುವ ಮ್ಯಾಗಜೀನಿನ ತಳ ನೋಡಬೇಕು. ಅದು ಮರದ್ದು. ಕೂಸನ್ನು ಅಧಿಕಾರಿಗಳು ಸ್ವಂತ ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ಯುದ್ಧ ಮುಗಿದ ಮೇಲೆ ಬಿಲ್ ರೂಗರ್ ಎನ್ನುವ ಅಮೆರಿಕನ್ನರ ಕೈಗೆ ಒಂದು ಕೂಸು ಸಿಕ್ಕಿತು. ಅವರು 1949ರಲ್ಲಿ ಮಾರಾಟಕ್ಕೆ ತಂದ ಪಿಸ್ತೂಲನ್ನು ಒಮ್ಮೆ ನೋಡಿ. ಮೂಗು ಮುಖವೆಲ್ಲ ನಂಬು ಮನೆತನದ್ದೇ.

ಆದರೆ ಮೇಜಿನ ಮೇಲೆ ಜಾಸ್ತಿ ಇದ್ದದ್ದು 14ನೇ ಮಾದರಿ. 8 ಮಿಲಿಮೀಟರ್ ಗುಂಡು, ಒಂದು ಮ್ಯಾಗಜೀನಿಗೆ ಎಂಟು. ಮುದುಕರು ಮೂರನ್ನು ತಾರೀಖಿನ ಪ್ರಕಾರ ಜೋಡಿಸಿದರು. ಮೊದಲನೆಯದರ ಕಪ್ಪು ಬಣ್ಣದಲ್ಲಿ ನಮ್ಮ ಮುಖ ಕಾಣುತ್ತಿತ್ತು. ಬೆರಳಿಟ್ಟು ಎಳೆಯುವ ಕುದುರೆಗೆ ಕಾಸಿ ತಂದ ಒಣಹುಲ್ಲಿನ ಬಣ್ಣ. ಹಿಂದೆ ಎಳೆಯುವ ಗುಬುಟಿನಲ್ಲಿ ಉಂಗುರ ಉಂಗುರವಾಗಿ ಕಡೆದ ಗೆರೆ. ಎರಡನೆಯದರಲ್ಲಿ ಕುದುರೆಯ ಸುತ್ತಲಿನ ಬಳೆ ದೊಡ್ಡದಾಗಿತ್ತು. ಮಂಚೂರಿಯಾದ ಚಳಿಯಲ್ಲಿ ಕೈಗವಸು ಹಾಕಿದ ಬೆರಳು ಹಳೇ ಬಳೆಯೊಳಗೆ ಹೋಗುತ್ತಿರಲಿಲ್ಲ. 1939ರ ಸುಮಾರಿಗೆ ಅದನ್ನು ಹಿಗ್ಗಿಸಿದರು. ಹಿಡಿಯ ಮುಂದೆ, ಮ್ಯಾಗಜೀನು ಜಾರಿ ಬೀಳದಂತೆ ಒಂದು ಸ್ಪ್ರಿಂಗ್ ಪಟ್ಟಿಯನ್ನೂ ಸೇರಿಸಿದರು.

ಇಲ್ಲೊಂದು ತಮಾಷೆ ಇದೆ. ಕೊನೇ ಗುಂಡು ಹಾರಿದ ಮೇಲೆ, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟು ಹಿಂದೆ ನಿಂತಿರುತ್ತದೆ. ಅದನ್ನು ತಡೆದು ಹಿಡಿದಿರುವುದು ಖಾಲಿ ಮ್ಯಾಗಜೀನೇ. ಆ ಬೋಲ್ಟಿನ ಒತ್ತಡದ ಜೊತೆಗೆ ಈ ಹೊಸ ಪಟ್ಟಿಯ ಬಿಗಿ ಬೇರೆ. ನನಗೆ ಎಳೆದು ನೋಡಲು ಹೇಳಿದರು. ಬೆಚ್ಚಗಿನ ಅಡುಗೆಮನೆಯಲ್ಲಿ, ಒಣಗಿದ ಕೈಯಲ್ಲಿ, ಹಲ್ಲು ಕಚ್ಚಿ ಎಳೆದರೂ ಬರಲಿಲ್ಲ. ಕೊನೆಗೆ ಅವರೇ ತೆಗೆದರು. ಮಳೆಯಲ್ಲಿ ನೆನೆದ ಕೈಯಲ್ಲಿ, ಎದುರಿನಿಂದ ಗುಂಡು ಬರುವಾಗ? ಬೀಳಬಾರದು ಅಂತ ಮಾಡಿದರು, ತೆಗೆಯುವುದನ್ನು ಮರೆತರು.

ಮೂರನೆಯದು ಯುದ್ಧದ ಕೊನೆಗಾಲದ್ದು. ಅಣ್ಣತಮ್ಮಂದಿರಲ್ಲಿ ಕಡೆಯವನಿಗೆ ಹರಿದ ಅಂಗಿ ಬಂದ ಹಾಗೆ ಇತ್ತು. ಮೈಮೇಲೆ ಅರದ ಗೀರು. ಗುಬುಟಿನ ಉಂಗುರಗಳು ಮಾಯ, ಬರೀ ತರಿತರಿ. ಹೊಳಪಿನ ಮಾತೇ ಇಲ್ಲ. ಪಕ್ಕದಲ್ಲಿದ್ದ 94ನೇ ಮಾದರಿಯ ಹಿಡಿಗೆ ಮರದ ಎರಡು ಚಪ್ಪಟೆ ಹಲಗೆ ಬಡಿದಿದ್ದರು, ಅಷ್ಟೇ. ಅದರ ತಾರೀಖು 20.6. ನೀವೇ ಕೂಡಿಸಿ. 1945ರ ಜೂನ್. ಆಗಸ್ಟಿನಲ್ಲಿ ಜಪಾನು ಶರಣಾಯಿತು. ಉಕ್ಕು ಕಡಿಮೆಯಾದದ್ದು, ಕಸುಬಿನವರ ಕೈಗೆ ಪುರುಸೊತ್ತು ಇಲ್ಲದೆ ಹೋದದ್ದು, ಎಲ್ಲ ಆ ಟವೆಲ್ಲಿನ ಮೇಲೆ ಎಡದಿಂದ ಬಲಕ್ಕೆ ಓದಲು ಬರುತ್ತಿತ್ತು. ಸಂಗ್ರಹಕಾರರು ಈ ಒರಟು ಪಿಸ್ತೂಲುಗಳನ್ನೂ ಯಾಕೆ ಅಷ್ಟು ಹುಡುಕುತ್ತಾರೆ ಎನ್ನುವುದು ನನಗೆ ಆಗ ತಿಳಿಯಿತು.

94ನೇ ಮಾದರಿಗೆ ಇನ್ನೊಂದು ಕುಖ್ಯಾತಿ ಇದೆ. ಎಡಮಗ್ಗುಲಲ್ಲಿ ಒಂದು ತೆಳು ಪಟ್ಟಿ ಹೊರಗೇ ಕಾಣುತ್ತದೆ. ಪಿಸ್ತೂಲು ಸಜ್ಜಾಗಿದ್ದಾಗ ಆ ಪಟ್ಟಿ ಒತ್ತಿದರೆ, ಕುದುರೆ ಮುಟ್ಟದೆಯೇ ಗುಂಡು ಹಾರಿಬಿಡುತ್ತದೆ. ಶರಣಾಗುವ ನೆಪದಲ್ಲಿ ಶತ್ರುವನ್ನು ಕೊಲ್ಲಲೆಂದೇ ಹೀಗೆ ಮಾಡಿದ್ದರು ಎಂದು ಕಥೆ ಕಟ್ಟಿದ್ದಾರೆ. ಅದು ಕಟ್ಟುಕಥೆ. ಒಂದು ಕೆಟ್ಟ ವಿನ್ಯಾಸಕ್ಕೆ ಇಷ್ಟೊಂದು ಸಂಚು ಬೇಕಿಲ್ಲ, ಅಲ್ವಾ?

ಅಮೆರಿಕದಲ್ಲಿ ಇವು ಇಷ್ಟೊಂದು ಇರುವುದಕ್ಕೆ ಕಾರಣ ಸೈನಿಕರು. ಗೆದ್ದ ನೆನಪಿಗೆಂದು ಮನೆಗೆ ತಂದರು. ಮೇಲಧಿಕಾರಿ ಸಹಿ ಹಾಕಿದ ಒಂದು ಚೀಟಿ ಜೊತೆಗಿರುತ್ತಿತ್ತು. ಆ ಚೀಟಿ ಉಳಿದಿದ್ದರೆ ಬೆಲೆ ಜಾಸ್ತಿ. ಮ್ಯಾಗಜೀನಿನ ಮೇಲಿನ ಅಂಕಿ ಪಿಸ್ತೂಲಿನ ಅಂಕಿಗೆ ಹೊಂದಿದರೆ ಇನ್ನೂ ಜಾಸ್ತಿ. ಯಾರಾದರೂ ಪಾಲಿಶ್ ಹೊಡೆಸಿದ್ದರೆ ಬೆಲೆ ನೆಲ ಕಚ್ಚಿತು. ಹಳೇ ಕಂಚಿನ ವಿಗ್ರಹವನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿದ ಹಾಗೆ. ಹೊಸಬರು ಪಿಸ್ತೂಲಿನ ಮೇಲೆ ಚಕ್ರವರ್ತಿಯ ಸೇವಂತಿಗೆ ಹೂವಿನ ಗುರುತು ಹುಡುಕುತ್ತಾರಂತೆ. ಅದು ಸಿಗುವುದು ರೈಫಲ್ಲಿನ ಮೇಲೆ.

ಆ ದೇಶದ ಕಾನೂನಿನ ಲೆಕ್ಕದಲ್ಲಿ 1898 ಅಥವಾ ಅದಕ್ಕೆ ಮುಂಚೆ ತಯಾರಾದ ಬಂದೂಕು ಮಾತ್ರ ಪುರಾತನ. ಹಾಗಾಗಿ 26ನೇ ಮಾದರಿಯ ಮೊದಮೊದಲ ರಿವಾಲ್ವರುಗಳಿಗೆ ಮಾತ್ರ ಆ ಪಟ್ಟ. ಉಳಿದವೆಲ್ಲ ಬರೀ ಹಳೆಯವು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಗುಂಡು ಹಾರುವ ಪಿಸ್ತೂಲು ಅಜ್ಜನ ಕಾಲದ್ದಾದರೂ ಲೈಸೆನ್ಸ್ ಬೇಕೇ ಬೇಕು. ಎಲ್ಲಕ್ಕಿಂತ ವಿಚಿತ್ರ ಜಪಾನಿನದ್ದು. ಅಲ್ಲಿ 1958ರ ಕಾನೂನಿನ ಪ್ರಕಾರ ಜನಸಾಮಾನ್ಯರು ನಂಬು ಪಿಸ್ತೂಲು ಇಟ್ಟುಕೊಳ್ಳುವ ಹಾಗೇ ಇಲ್ಲ. ಹಳೇ ಕಾಲದ, ಬತ್ತಿ ಹೊತ್ತಿಸಿ ಹಾರಿಸುವ ಬಂದೂಕು, ಕತ್ತಿ ನೋಂದಾಯಿಸಿ ಇಡಬಹುದು. ಇದು ಆಗದು. ಆಸೆ ಇದ್ದವರು ಲೋಹದ ಆಟಿಕೆ ಪಿಸ್ತೂಲು ಕೊಳ್ಳಬೇಕು. ಅದಕ್ಕೂ ನಳಿಗೆ ಮುಚ್ಚಿರಬೇಕು, ಬಣ್ಣ ಬಿಳಿ ಅಥವಾ ಹಳದಿ ಇರಬೇಕು.

ನನ್ನ ಕಥೆಗೆ ಬರುತ್ತೇನೆ. ಪಿಸ್ತೂಲು ಬೇಡ, ಅದರ ಚರ್ಮದ ಉರೆಯಾದರೂ ಇರಲಿ ಎಂದು ಅಲ್ಲಿನ ಒಂದು ಸಂತೆಯಲ್ಲಿ ಕೊಂಡೆ. ಆಮೆಚಿಪ್ಪಿನಂಥ ಮುಚ್ಚಳ, ನೋಡಲು ಗಟ್ಟಿಮುಟ್ಟು. ಖುಷಿಯಿಂದ ತಂದು ಮುದುಕರಿಗೆ ತೋರಿಸಿದೆ. ಅವರು ಮೂಸಿ ನೋಡಿದರು. ಆಮೇಲೆ ಒಳಗೆ ಬೆರಳು ಆಡಿಸಿದರು. 14ನೇ ಮಾದರಿಯಲ್ಲಿ ಗುಂಡಿನ ಬೆನ್ನಿಗೆ ಹೊಡೆಯುವ ಫೈರಿಂಗ್ ಪಿನ್ ಬಹಳ ಬಲಹೀನ, ಆಗಾಗ ಮುರಿಯುತ್ತಿತ್ತು. ಅದಕ್ಕೆಂದೇ ಅಸಲಿ ಉರೆಯಲ್ಲಿ ಇನ್ನೊಂದು ಪಿನ್ ಇಡಲು ಪುಟ್ಟ ಜಾಗ ಹೊಲಿದಿರುತ್ತಾರೆ. ನನ್ನದರಲ್ಲಿ ಇರಲಿಲ್ಲ. ಯಾರೋ ಈಚೆಗೆ ಹೊಲಿದು, ಹಳೆಯದು ಕಾಣಲೆಂದು ಬಣ್ಣ ಬಳಿದ ಮಾಲು. ಮಾರಿದವನು ನನ್ನ ಮುಖ ನೋಡಿಯೇ ಬೆಲೆ ಹೇಳಿದ್ದ. ಈಗ ಅದರಲ್ಲಿ ಕನ್ನಡಕ ಇಡುತ್ತೇನೆ.

ನಮ್ಮ ಕಡೆಯ ಎಷ್ಟೋ ಮನೆಗಳಿಂದ ಆ ಯುದ್ಧದಲ್ಲಿ ಬರ್ಮಾಕ್ಕೆ ಹೋದವರಿದ್ದರು. ಕೊಡಗಿನ ಜನರಲ್ ತಿಮ್ಮಯ್ಯನವರು ಬರ್ಮಾದ ಅರಾಕಾನಿನಲ್ಲಿ ಜಪಾನೀಯರ ವಿರುದ್ಧ ಹೋರಾಡಿದರು. ಯುದ್ಧ ಮುಗಿದ ಮೇಲೆ ಜಪಾನಿಗೆ ಹೋದ ಭಾರತೀಯ ಬ್ರಿಗೇಡನ್ನೂ ನಡೆಸಿದರು. ಮಡಿಕೇರಿಯ ಅವರ ಮನೆ 'ಸನ್ನಿ ಸೈಡ್' 2021ರಿಂದ ವಸ್ತುಸಂಗ್ರಹಾಲಯ. ನಿಮ್ಮ ಮನೆಯ ಅಟ್ಟದಲ್ಲೂ ತಾತನ ಕಾಲದ ಟ್ರಂಕು ಇರಬಹುದು. ಅದರಲ್ಲಿ ಪಿಸ್ತೂಲೇ ಸಿಕ್ಕರೆ ಮುಟ್ಟಲು ಹೋಗಬೇಡಿ, ಪೊಲೀಸ್ ಠಾಣೆಗೆ ತಿಳಿಸಿ. ಬರೀ ಚರ್ಮದ ಉರೆ ಸಿಕ್ಕರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಮೊದಲು ಮುಚ್ಚಳ ಎತ್ತಿ, ಒಳಗೆ ಮೆಲ್ಲಗೆ ಬೆರಳು ಆಡಿಸಿ. ಕಡ್ಡಿಯಂಥ ಒಂದು ಪಿನ್ ಇದ್ದರೂ ಇರಬಹುದು.

ನಮಸ್ಕಾರ.